ಹುತ್ತದ ಗಾಳಿ, ಕಂಪ್ಯೂಟರಿನ ಜಾಲರಿ: ಸಪ್ತಾಪುರದ ರೀಡಿಂಗ್ ಹಾಲ್‌ಗೆ ಯಾವುದು ಬೇಕು?

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ನಮ್ಮದೊಂದು 40×60 ಅಡಿ ಸೈಟು ಇದೆ, ಪಶ್ಚಿಮಕ್ಕೆ ರಸ್ತೆ. ಕೆಳಗೆ ಎರಡು ಅಂಗಡಿ, ಪಾರ್ಕಿಂಗ್; ಮೇಲಿನ ಮಹಡಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ 60 ಮಂದಿಗೆ ರೀಡಿಂಗ್ ಹಾಲ್ ಮಾಡುವ ಯೋಚನೆ. ಬೆಳಿಗ್ಗೆ 6ರಿಂದ ರಾತ್ರಿ 11ರ ತನಕ ತೆರೆದಿರಬೇಕು. ವಾಸ್ತುಶಿಲ್ಪಿಗಳು ಒಂದು ವಿನ್ಯಾಸ ತೋರಿಸಿದ್ದಾರೆ. ಮುಂಭಾಗಕ್ಕೆ ಎಲೆಯ ನರಗಳ ಹಾಗೆ ಕಾಣುವ ‘ವೊರೊನಾಯ್’ ಜಾಲರಿ, ಜಿಆರ್‌ಸಿಯದ್ದು (ಗಾಜಿನ ನಾರು ಬೆರೆಸಿದ ಕಾಂಕ್ರೀಟು), 96 ಫಲಕ, ಒಂದರಂತೆ ಇನ್ನೊಂದಿಲ್ಲ. ಹಿಂದೆ 2×2 ಅಡಿಯ ಗಾಳಿಕೊಳವೆ, ಮಾಳಿಗೆಯಿಂದ 10 ಅಡಿ ಮೇಲಕ್ಕೆ. “ಇದು ಗೆದ್ದಲಿನ ಹುತ್ತದ ತತ್ವ, ಎಸಿ ಬೇಕಾಗೋದಿಲ್ಲ, ಕಂಪ್ಯೂಟರ್ ಲೆಕ್ಕ ಹಾಕಿದೆ” ಅನ್ನುತ್ತಾರೆ. ನಮ್ಮ ಗೌಂಡಿ ನಕ್ಷೆ ನೋಡಿ “ಇದು ಆಗೂ ಮಾತಲ್ಲ ಬಿಡ್ರಿ” ಅಂದ. ವಿನ್ಯಾಸದ ಶುಲ್ಕವೂ ಹೆಚ್ಚು. ನಂಬಿ ಕಟ್ಟಿಸಬೇಕೋ, ಎಲ್ಲರ ಹಾಗೆ ನಾಲ್ಕು ಗೋಡೆ ಎಬ್ಬಿಸಿ ಎಸಿ ಹಾಕಿಸಬೇಕೋ?

ಉತ್ತರ: ನಿಮ್ಮ ಆತಂಕ ಎರಡು ಬಗೆಯದು. ದುಡ್ಡು ಸುರಿದು ಕಟ್ಟಿಸಿದ ಮೇಲೆ ಏಪ್ರಿಲ್‌ನಲ್ಲಿ ಹುಡುಗರು ಬೆವರುತ್ತ ಕೂತರೆ ಹೇಗೆ ಅನ್ನುವುದು ಒಂದು. ಕಟ್ಟಲಿಕ್ಕೇ ಬಾರದ ವಸ್ತುವಿಗೆ ಕೈಹಾಕಿ ಕೆಲಸ ನಡುವೆಯೇ ನಿಂತರೆ ಅನ್ನುವುದು ಇನ್ನೊಂದು. ಎರಡೂ ಸರಿಯಾದ ಆತಂಕಗಳೇ. ಆದರೆ ನಿಮ್ಮ ಮುಂದೆ ಬಂದಿರುವುದು ಒಂದೇ ವಿನ್ಯಾಸವಲ್ಲ, ಒಂದೇ ಗಂಟಿನಲ್ಲಿ ಕಟ್ಟಿದ ಮೂರು ಬೇರೆ ಬೇರೆ ವಿಚಾರ: ಹುತ್ತದಿಂದ ಕಲಿತ ಗಾಳಿಯಾಟ, ಎಲೆಯಂತೆ ಕಾಣುವ ಜಾಲರಿ, ಕಂಪ್ಯೂಟರಿನ ಲೆಕ್ಕ. ಗಂಟು ಬಿಚ್ಚಿ ನೋಡಿದರೆ ಮೊದಲನೆಯದು ಅರ್ಧ ನಿಜ, ಎರಡನೆಯದು ಬರೀ ಅಲಂಕಾರ. ಮೂರನೆಯದು ತುಂಬ ಉಪಯೋಗದ್ದು, ಸರಿಯಾದ ಪ್ರಶ್ನೆ ಕೇಳಿದ್ದರೆ.

ಹುತ್ತದಲ್ಲಿ ನಿಜಕ್ಕೂ ಏನಾಗುತ್ತದೆ

ಹುತ್ತವೆಂದರೆ ಪ್ರಕೃತಿಯ ಎಸಿ ಎಂಬ ಮಾತು ವಾಸ್ತುಶಿಲ್ಪದ ಕಾಲೇಜುಗಳಲ್ಲಿ ಬಹಳ ಓಡಾಡಿದೆ. ಅದಕ್ಕೆ ಕಾರಣ ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ಮುಗಿದ ಈಸ್ಟ್‌ಗೇಟ್ ಸೆಂಟರ್. ಮಿಕ್ ಪಿಯರ್ಸ್ ವಿನ್ಯಾಸ ಮಾಡಿದ ಆ ದೊಡ್ಡ ವಾಣಿಜ್ಯ ಕಟ್ಟಡ ಮಾಮೂಲಿ ಎಸಿ ಇಲ್ಲದೆ ನಡೆಯುತ್ತದೆ, ಸ್ಫೂರ್ತಿ ಗೆದ್ದಲಿನ ಹುತ್ತದ್ದು. ಬಿಸಿಗಾಳಿ ಹುತ್ತದ ನಡುವಿನ ಕೊಳವೆಯಲ್ಲಿ ಮೇಲೇರಿ ಹೊರಬೀಳುತ್ತದೆ, ಕೆಳಗಿನಿಂದ ತಂಪು ಗಾಳಿ ಒಳಬರುತ್ತದೆ ಎಂದು ಆಗ ನಂಬಿದ್ದರು.

ಆಮೇಲೆ ಅಳೆದು ನೋಡಿದಾಗ ಚಿತ್ರ ಬದಲಾಯಿತು. ನಮ್ಮ ಹೊಲದ ಬದುವಿನಲ್ಲಿ, ಬೇವಿನ ಬುಡದಲ್ಲಿ ಕಾಣುವ ಹುತ್ತ ಹೆಚ್ಚಾಗಿ ಓಡೊಂಟೊಟರ್ಮಿಸ್ ಒಬೀಸಸ್ ಎಂಬ ಗೆದ್ದಲಿನದ್ದು. ಕಿಂಗ್, ಓಕೊ ಮತ್ತು ಮಹಾದೇವನ್ ಎಂಬ ವಿಜ್ಞಾನಿಗಳು ಈ ಹುತ್ತಗಳೊಳಗಿನ ಗಾಳಿಯನ್ನು ಬೆಂಗಳೂರಿನಲ್ಲಿ ಅಳೆದು 2015ರಲ್ಲಿ ಪ್ರಕಟಿಸಿದರು. ಈ ಹುತ್ತದ ತುದಿಯಲ್ಲಿ ಚಿಮಣಿಯ ಬಾಯಿ ಇರುವುದಿಲ್ಲ. ಹೊರಮೈಯಲ್ಲಿ ಆನಿಕೆಗೋಡೆಗಳಂಥ ಏಣುಗಳಿರುತ್ತವೆ. ಹಗಲು ಬಿಸಿಲಿಗೆ ಈ ಏಣುಗಳು ಮೊದಲು ಕಾಯುತ್ತವೆ, ಅವುಗಳೊಳಗಿನ ಗಾಳಿ ಮೇಲೇರಿ ನಡುವಿನಲ್ಲಿ ಇಳಿಯುತ್ತದೆ. ರಾತ್ರಿ ಏಣುಗಳು ಮೊದಲು ತಣಿಯುವುದರಿಂದ ಅದೇ ಸುತ್ತು ತಿರುವುಮುರುವಾಗುತ್ತದೆ. ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಗಾಳಿ ಬದಲಾಗುವುದು ಮಣ್ಣಿನ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ. ಈ ಏರ್ಪಾಡಿನ ಮುಖ್ಯ ಕೆಲಸ ತಂಪು ಮಾಡುವುದಲ್ಲ, ಒಳಗೆ ಕೂಡಿದ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದು. ಗೂಡಿನ ತಾಪವನ್ನು ಬಹುಮಟ್ಟಿಗೆ ಹಿಡಿದಿಡುವುದು ಸುತ್ತಲಿನ ನೆಲ.

ಅಂದರೆ ಹುತ್ತ ಉಸಿರಾಡುವ ಯಂತ್ರ, ತಂಪು ಮಾಡುವ ಯಂತ್ರವಲ್ಲ. ಹಾಗಿದ್ದರೂ ಈಸ್ಟ್‌ಗೇಟ್ ಹೇಗೆ ನಡೆಯುತ್ತದೆ? ಹರಾರೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ರಾತ್ರಿ ತಂಪು. ರಾತ್ರಿಯ ಗಾಳಿಯನ್ನು ಕಾಂಕ್ರೀಟಿನ ದಪ್ಪ ಮೈಯ ಮೇಲೆ ಹಾಯಿಸಿ ತಣಿಸಿಟ್ಟು, ಹಗಲು ಆ ತಂಪನ್ನು ಖರ್ಚು ಮಾಡುತ್ತಾರೆ. ಗಾಳಿ ಎಳೆಯುವುದಕ್ಕೆ ಫ್ಯಾನುಗಳಿವೆ. ಸ್ಫೂರ್ತಿಯ ವಿವರಣೆ ತಪ್ಪಿದ್ದರೂ ಕಟ್ಟಡದ ಲೆಕ್ಕ ಸರಿಯಿತ್ತು. ನಿಮ್ಮ ಕೊಳವೆಗೂ ಇದೇ ಪರೀಕ್ಷೆ ಒಡ್ಡೋಣ.

ಕೊಳವೆಯ ಲೆಕ್ಕ

ಕೂತು ಓದುವ ಒಬ್ಬ ಮನುಷ್ಯನ ಮೈಯಿಂದ ಗಾಳಿಯನ್ನು ಬಿಸಿಮಾಡುವ ಶಾಖ ಸುಮಾರು 70 ವಾಟ್. 60 ಮಂದಿಗೆ 4.2 ಕಿಲೊವಾಟ್, ಅಂದರೆ ಎರಡು ಗೀಸರ್ ಕಾಯಿಲುಗಳನ್ನು ಹಾಲಿನಲ್ಲಿ ಹಚ್ಚಿಟ್ಟ ಹಾಗೆ. ಒಳಗಿನ ಗಾಳಿ ಹೊರಗಿಗಿಂತ 3 ಡಿಗ್ರಿಗಿಂತ ಹೆಚ್ಚು ಕಾಯಬಾರದು ಅಂದರೆ ಸೆಕೆಂಡಿಗೆ ಸುಮಾರು 1.2 ಘನ ಮೀಟರ್ ಗಾಳಿ ಹಾಯಬೇಕು.

ನಿಮ್ಮ ಕೊಳವೆಯ ಅಡ್ಡಕೊಯ್ತ 2×2 ಅಡಿ, ಅಂದರೆ 0.37 ಚದರ ಮೀಟರ್. ಹಾಲಿನ ಎತ್ತರ 11 ಅಡಿ ಅಂತ ಹಿಡಿದರೆ ಕೆಳಗಿನ ಗಾಳಿಕಿಂಡಿಯಿಂದ ಕೊಳವೆಯ ತುದಿಗೆ ಸುಮಾರು 6 ಮೀಟರ್. 3 ಡಿಗ್ರಿ ವ್ಯತ್ಯಾಸಕ್ಕೆ ಇದರಲ್ಲಿ ತಾನಾಗಿಯೇ ಮೇಲೇರುವ ಗಾಳಿ ಸೆಕೆಂಡಿಗೆ 0.24 ಘನ ಮೀಟರ್. ಬೇಕಾದ್ದರ ಐದನೇ ಒಂದು ಪಾಲು. ಫ್ಯಾನ್ ಇಲ್ಲದೆ ಪೂರಾ ಕೆಲಸ ಆಗಬೇಕಾದರೆ ಕೊಳವೆ ನಾಲ್ಕೂವರೆ ಅಡಿ ಚೌಕ ಇರಬೇಕು, ಗಾಳಿ ಒಳಬರುವ ಕಿಂಡಿಗಳು ಅದಕ್ಕಿಂತಲೂ ದೊಡ್ಡವಿರಬೇಕು. ಅಷ್ಟು ಜಾಗ ಬಿಟ್ಟರೆ ನಾಲ್ಕು ಕುರ್ಚಿ ಹೋದವು.

ಇನ್ನೂ ದೊಡ್ಡ ತೊಡಕು ಬೇರೆಯದು. ಏಪ್ರಿಲ್‌ನಲ್ಲಿ ನಮ್ಮಲ್ಲಿ ಹಗಲು 36–37 ಡಿಗ್ರಿ, ಬೆಳಗಿನ ಜಾವ 21–22. ಮಧ್ಯಾಹ್ನ ಮೂರಕ್ಕೆ ಹೊರಗೆ 37, ಒಳಗೆ 33 ಇದ್ದರೆ ಕೊಳವೆಯೊಳಗಿನ ಗಾಳಿ ಹೊರಗಿನದಕ್ಕಿಂತ ಭಾರ. ಅದು ಮೇಲೇರುವ ಬದಲು ಕೆಳಗಿಳಿಯುತ್ತದೆ, ಮಾಳಿಗೆಯ ಮೇಲಿನ ಬಿಸಿ ಗಾಳಿ ಹುಡುಗರ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಕೊಳವೆಯ ಬಾಯಿಗೆ ತೆಗೆದು ಮುಚ್ಚುವ ಶಟರ್ ಬೇಕೇ ಬೇಕು. ಸಂಜೆ ಏಳಕ್ಕೆ ತೆಗೆಯುವುದು, ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚುವುದು. ಯಾರು ಈ ಕೆಲಸ ಮಾಡುವವರು? ಇದನ್ನು ಇವತ್ತೇ ಗೊತ್ತುಮಾಡಿ. ಇಂಥ ಕಟ್ಟಡಗಳು ಸೋಲುವುದು ಹೆಚ್ಚಾಗಿ ಭೌತಶಾಸ್ತ್ರದಿಂದಲ್ಲ, ಶಟರಿನ ಹಗ್ಗ ಹರಿದ ಮೇಲೆ ಯಾರೂ ಕಟ್ಟದೆ ಬಿಡುವುದರಿಂದ.

ಒಳ್ಳೆಯ ಸುದ್ದಿ ಏನೆಂದರೆ ಹಗಲು-ರಾತ್ರಿಯ ನಡುವಿನ ಆ 15 ಡಿಗ್ರಿ ಅಂತರವೇ ನಿಮ್ಮ ಆಸ್ತಿ. ರಾತ್ರಿ ಹೊರಗೆ 22, ಒಳಗೆ 30 ಇದ್ದಾಗ ಇದೇ ಕೊಳವೆ ಒಂದೂವರೆ ಪಟ್ಟಿಗೂ ತುಸು ಹೆಚ್ಚು ಗಾಳಿ ಎಳೆಯುತ್ತದೆ. ತುದಿಯಲ್ಲೊಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ 2×2 ಅಡಿಯ ಕೊಳವೆಯಲ್ಲೇ 1.2 ಘನ ಮೀಟರ್ ಸಲೀಸಾಗಿ ಹೋಗುತ್ತದೆ. ಆಗ ಕೊಳವೆಯೊಳಗಿನ ವೇಗ ಸೆಕೆಂಡಿಗೆ ಮೂರು ಮೀಟರ್ ಚಿಲ್ಲರೆ, ಅಷ್ಟು ಪರವಾಗಿಲ್ಲ. ಫ್ಯಾನನ್ನು ಹಾಲಿನ ಗೋಡೆಗೆ ಹಾಕಬೇಡಿ. ಓದುವವರಿಗೆ ಆ ಸದ್ದು ತಡೆಯಲಾಗದು. ಕೊಳವೆಯ ತುದಿಯಲ್ಲಿ, ದೊಡ್ಡ ರೆಕ್ಕೆಯದ್ದು, ಕಡಿಮೆ ಸುತ್ತಿನದ್ದು ಇರಲಿ.

ರಾತ್ರಿಯ ತಂಪನ್ನು ಹಿಡಿದಿಡುವುದು ಸ್ಲ್ಯಾಬು ಮತ್ತು ಗೋಡೆ. ಇಲ್ಲಿ ಬಹಳ ಜನ ಮಾಡುವ ತಪ್ಪು ಪಿಒಪಿ ಫಾಲ್ಸ್ ಸೀಲಿಂಗ್. ಸೀಲಿಂಗ್ ಹಾಕಿದ ಕ್ಷಣ ಸ್ಲ್ಯಾಬಿಗೂ ಹಾಲಿನ ಗಾಳಿಗೂ ಸಂಬಂಧ ಕಡಿದುಹೋಗುತ್ತದೆ, ರಾತ್ರಿಯಿಡೀ ಗಾಳಿ ಹಾಯಿಸಿದ್ದು ಹೊಳೆಯಲ್ಲಿ ಹುಣಸೆ ತೊಳೆದಂತೆ. ಸ್ಲ್ಯಾಬಿನ ಒಳಮೈ ಬರಿದಾಗಿರಲಿ. ಹೊರಮೈಗೆ ಶಾಖನಿರೋಧಕ ಪದರ, ಅದರ ಮೇಲೆ ಬಿಳಿ ಟೈಲ್ಸ್ ಚೂರು ಹಾಕಿಸಿ. ಏಪ್ರಿಲ್‌ನಲ್ಲಿ ಮಾಳಿಗೆಯ ಪ್ರತಿ ಚದರ ಅಡಿಗೆ ಬೀಳುವ ಬಿಸಿಲು ಪಶ್ಚಿಮದ ಗೋಡೆಗೆ ಬೀಳುವುದರ ಸುಮಾರು ಎರಡು ಪಟ್ಟು, ಅದು ಮೂರ್ನಾಲ್ಕು ತಾಸು ತಡವಾಗಿ ಒಳಗಿಳಿಯುತ್ತದೆ. ಸಂಜೆ ಏಳಕ್ಕೆ ಹಾಲಿನಲ್ಲಿ ಮೇಲಿನಿಂದ ಧಗೆ ಬಡಿಯುವುದು ಇದರಿಂದಲೇ. ನೀವು ಕಳಿಸಿದ ವಿನ್ಯಾಸದ ವಿವರದಲ್ಲಿ ಮಾಳಿಗೆಯ ಮಾತೇ ಇಲ್ಲ. 96 ಫಲಕಗಳ ಮಾತಿದೆ.

ಹಾಗಾದರೆ ಎಸಿ ಬೇಕಿಲ್ಲವೇ? ಖಡಾಖಂಡಿತ ಬೇಕಿಲ್ಲ ಅಂತ ಯಾರೇ ಹೇಳಿದರೂ ನಂಬಬೇಡಿ. 60 ಮಂದಿ ಉಸಿರಾಡುವ ಹಾಲನ್ನು ಹಗಲು ಪೂರಾ ಮುಚ್ಚಿಡಲಾಗದು. ಒಬ್ಬರಿಗೆ ಸೆಕೆಂಡಿಗೆ ಸುಮಾರು 8 ಲೀಟರಿನಂತೆ ಅರ್ಧ ಘನ ಮೀಟರ್ ಹೊಸ ಗಾಳಿ ಬರಲೇಬೇಕು, ಅದು 37 ಡಿಗ್ರಿಯದ್ದೇ. ಮೇಲಿನದೆಲ್ಲ ಸರಿಯಾಗಿ ಮಾಡಿದರೂ ಏಪ್ರಿಲ್-ಮೇ ಮಧ್ಯಾಹ್ನ ಎರಡರಿಂದ ಐದರ ತನಕ ಒಳಗೆ 32–33 ಡಿಗ್ರಿ ಇರುತ್ತದೆ. ಸೀಲಿಂಗ್ ಫ್ಯಾನಿನ ಗಾಳಿಯಲ್ಲಿ ಅದು ಎರಡು-ಮೂರು ಡಿಗ್ರಿ ಕಡಿಮೆ ಅನ್ನಿಸುತ್ತದೆ, ಅಷ್ಟೇ.

ಆ ಎರಡು ತಿಂಗಳಿಗೆ ನಮ್ಮ ಕಡೆಗೆ ಹೊಂದುವುದು ಕೂಲರ್. 37 ಡಿಗ್ರಿ ಬಿಸಿಲಿಗೆ ಗಾಳಿಯ ತೇವಾಂಶ 25 ಶೇಕಡಾ ಇದ್ದಾಗ ಒಳ್ಳೆಯ ಪ್ಯಾಡಿನ ಕೂಲರಿನಿಂದ 26–27 ಡಿಗ್ರಿಯ ಗಾಳಿ ಬರುತ್ತದೆ. ಆದರೆ ಕೂಲರ್ ಗಾಳಿ ಹೊರಹೋಗಲು ದಾರಿ ಬೇಕು, ಇಲ್ಲವಾದರೆ ತಾಸೊಂದರಲ್ಲಿ ಹಾಲು ಜಿಗಿಜಿಗಿ. ಆ ದಾರಿಯೇ ನಿಮ್ಮ ಕೊಳವೆ! ಪೂರ್ವದ ಅಥವಾ ಉತ್ತರದ ಕಡೆಯಿಂದ ಕೂಲರ್ ಗಾಳಿ ಒಳಗೆ, ಕೊಳವೆಯಿಂದ ಹೊರಗೆ. ಕೂಲರ್ ನಡೆಯುವಷ್ಟು ಹೊತ್ತು ಶಟರ್ ತೆಗೆದು ಮೇಲಿನ ಫ್ಯಾನ್ ಹಾಕಿಡಬೇಕು. ಆಗ ಮೇಲಿನ ಬಿಸಿಗಾಳಿ ಕೆಳಗಿಳಿಯುವುದಿಲ್ಲ. ನೀರು ತಾಸಿಗೆ 20 ಲೀಟರಿನ ಆಸುಪಾಸು, ಆರು ತಾಸು ನಡೆಸಿ, ಕೂಲರಿನಲ್ಲಿ ಉಳಿದ ಉಪ್ಪುಗಟ್ಟಿದ ನೀರು ಚೆಲ್ಲಿದ್ದೂ ಸೇರಿ ದಿನಕ್ಕೆ 150–200 ಲೀಟರ್. ನಳ ದಿನಾ ಬಾರದ ಓಣಿಯಲ್ಲಿ ಇದಕ್ಕೊಂದು ಟ್ಯಾಂಕ್ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಬೋರಿನ ಗಡುಸು ನೀರಾದರೆ ಪ್ಯಾಡಿಗೆ ಸುಣ್ಣ ಕಟ್ಟುತ್ತದೆ. ಮಳೆಗಾಲದಲ್ಲಿ ಕೂಲರಿನಿಂದ ಏನೂ ಪ್ರಯೋಜನವಿಲ್ಲ, ಧಾರವಾಡದ ಮಳೆಗಾಲದಲ್ಲಿ ಅದು ಬೇಕಾಗುವುದೂ ಇಲ್ಲ.

ಜಾಲರಿ: ಪುಸ್ತಕದ ಮೇಲೆ ಬೀಳುವ ಬಿಸಿಲು

ವೊರೊನಾಯ್ ಎಂದರೆ ಒಂದಿಷ್ಟು ಚುಕ್ಕಿ ಇಟ್ಟು, ಪ್ರತಿ ಚುಕ್ಕಿಗೆ ಅತಿ ಹತ್ತಿರದ ಜಾಗವನ್ನೆಲ್ಲ ಅದಕ್ಕೆ ಬಿಟ್ಟುಕೊಟ್ಟು ಗಡಿ ಎಳೆಯುವ ಗಣಿತ. ಬಿರಿದ ಕೆರೆಯಂಗಳ, ಜಿರಾಫೆಯ ಮೈ, ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಹೀಗೇ ಕಾಣುತ್ತವೆ. ರೈನೊ ಎಂಬ ವಿನ್ಯಾಸದ ತಂತ್ರಾಂಶದ ಜೊತೆಗೆ ಬರುವ ಗ್ರಾಸ್‌ಹಾಪರ್‌ನಲ್ಲಿ ಇದಕ್ಕೆ ಒಂದು ಗುಂಡಿಯೇ ಇದೆ, ಅದಕ್ಕೇ ಎಲ್ಲ ಕಡೆ ಕಾಣುತ್ತದೆ. ಪ್ರಕೃತಿಯ ಹಾಗೆ ಕಾಣುವುದು ಬೇರೆ, ಪ್ರಕೃತಿಯ ಹಾಗೆ ಕೆಲಸ ಮಾಡುವುದು ಬೇರೆ. ಎಲೆಯ ನರ ನೀರು ಸಾಗಿಸುತ್ತದೆ, ಎಲೆ ಬಾಗದಂತೆ ಹಿಡಿಯುತ್ತದೆ. ನಿಮ್ಮ ಜಾಲರಿ ಮಾಡಬೇಕಾದ್ದು ಪಶ್ಚಿಮದ ಬಿಸಿಲು ತಡೆಯುವ ಕೆಲಸ. ಆ ಕೆಲಸಕ್ಕೂ ಈ ಆಕಾರಕ್ಕೂ ನಂಟಿಲ್ಲ.

ಏಪ್ರಿಲ್ ನಡುವಿನ ಒಂದು ಸಂಜೆ ನೋಡಿ. ಧಾರವಾಡದಲ್ಲಿ ಸೂರ್ಯ ನೆತ್ತಿಯ ಸಾಲಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಗೆ. ನಾಲ್ಕೂವರೆಗೆ ಅವನು ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ, ನೆಲದಿಂದ 31 ಡಿಗ್ರಿ ಎತ್ತರದಲ್ಲಿರುತ್ತಾನೆ. ನಾಲ್ಕಡಿ ಎತ್ತರದ ಕಿಟಕಿಗೆ ಆ ಬಿಸಿಲನ್ನು ಬರೀ ಛಜ್ಜಾದಿಂದ ತಡೆಯಬೇಕಾದರೆ ಅದು ಆರೂವರೆ ಅಡಿ ಮುಂದೆ ಬರಬೇಕು. ದಕ್ಷಿಣದ ಕಿಟಕಿಗಾದರೆ ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಮಾಮೂಲಿ ಎರಡಡಿ ಛಜ್ಜಾ ಧಾರಾಳ ಸಾಕು. ಪಶ್ಚಿಮಕ್ಕೆ ಜಾಲರಿಯೇ ಬೇಕು ಅನ್ನುವಲ್ಲಿ ನಿಮ್ಮ ವಾಸ್ತುಶಿಲ್ಪಿಗಳು ಸರಿ.

ಜಾಲರಿಯ ರಂಧ್ರ ಬಿಸಿಲು ತಡೆಯುವುದು ಅದರ ಆಕಾರದಿಂದಲ್ಲ, ರಂಧ್ರದ ಎತ್ತರಕ್ಕೂ ಆಳಕ್ಕೂ ಇರುವ ಅನುಪಾತದಿಂದ. 31 ಡಿಗ್ರಿಯ ಬಿಸಿಲು ಪೂರ್ತಿ ನಿಲ್ಲಬೇಕಾದರೆ ಆಳವು ಎತ್ತರದ 1.6 ಪಟ್ಟು ಇರಬೇಕು. ಜಿಆರ್‌ಸಿ ವೊರೊನಾಯ್ ಫಲಕಗಳಲ್ಲಿ ಸಾಮಾನ್ಯವಾಗಿ ರಂಧ್ರ 200 ಮಿಲಿಮೀಟರ್, ಆಳ 75. ಲೆಕ್ಕ ಮಾಡಿದರೆ ರಂಧ್ರದ ಎತ್ತರದಲ್ಲಿ ಮುಕ್ಕಾಲು ಪಾಲು ಬಿಸಿಲು ನೇರ ಒಳಬರುತ್ತದೆ. ಅದೂ ಸಮನಾಗಿ ಅಲ್ಲ, ಚೂರುಚೂರಾಗಿ. ಪುಸ್ತಕದ ಎಡಪುಟದ ಮೇಲೆ ಕಣ್ಣು ಕುಕ್ಕುವ ಒಂದು ತುಂಡು, ಪಕ್ಕದಲ್ಲೇ ನೆರಳು, ಹತ್ತು ನಿಮಿಷಕ್ಕೆ ಆ ತುಂಡು ಸರಿದು ಬಲಪುಟಕ್ಕೆ. ಹೋಟೆಲಿನ ಮೊಗಸಾಲೆಗಾದರೆ ಚಂದ. ಹತ್ತು ತಾಸು ಕೂತು ಓದುವವರಿಗೆ ತಲೆನೋವು. ವಾರದೊಳಗೆ ಹುಡುಗರು ರಂಧ್ರಗಳಿಗೆ ಪೇಪರ್ ಅಂಟಿಸುತ್ತಾರೆ.

ಈಗ ಸಾದಾ ಇಟ್ಟಿಗೆ ಜಾಲಿ ತೆಗೆದುಕೊಳ್ಳಿ. ನಾಲ್ಕೂವರೆ ಇಂಚು ದಪ್ಪ, ರಂಧ್ರದ ಎತ್ತರ ಒಂದು ಇಟ್ಟಿಗೆ, ಮೂರು ಇಂಚು. ಇದು 33 ಡಿಗ್ರಿಗಿಂತ ಮೇಲಿನ ಬಿಸಿಲನ್ನೆಲ್ಲ ತಡೆಯುತ್ತದೆ, ಅಂದರೆ ಏಪ್ರಿಲ್‌ನಲ್ಲಿ ಸುಮಾರು 4.25ರ ತನಕ ಹಾಲಿಗೆ ನೇರ ಬಿಸಿಲಿಲ್ಲ. ಒಂಬತ್ತು ಇಂಚು ದಪ್ಪ ಮಾಡಿದರೆ ಐದೂಕಾಲು ದಾಟುವ ತನಕ. ಆದರೆ ಭಾರ ನೋಡಿ: ನಾಲ್ಕೂವರೆ ಇಂಚಿನ ಜಾಲಿ 11 ಅಡಿ ಎತ್ತರಕ್ಕೆ ಪ್ರತಿ ಮೀಟರ್ ಉದ್ದಕ್ಕೆ 400 ಕಿಲೊ ದಾಟುತ್ತದೆ, ಒಂಬತ್ತು ಇಂಚಿನದ್ದು ಅದರ ಎರಡು ಪಟ್ಟು. ಜಿಆರ್‌ಸಿಯ ತೆಳು ತೊಗಲು 12–15 ಮಿಲಿಮೀಟರಿನದ್ದಾದರೆ ಚದರ ಮೀಟರಿಗೆ 25–30 ಕಿಲೊ ಮಾತ್ರ. ಇಟ್ಟಿಗೆಗೆ ಹೋಗುವುದಾದರೆ ಸ್ಲ್ಯಾಬಿನ ಅಂಚಿನ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೊಸದಾಗಿ ಮಾಡಬೇಕು, ಪ್ರತಿ ಐದಡಿಗೆ ಉಕ್ಕಿನ ಅಥವಾ ಆರ್‌ಸಿಸಿ ಆಧಾರ ಬೇಕು, ಇಲ್ಲವಾದರೆ ಮುಂಗಾರಿನ ಗಾಳಿಗೆ ಬಿರುಕು ಬಿಡುತ್ತದೆ.

ಕಂಪ್ಯೂಟರ್ ನಿಜಕ್ಕೂ ದುಡಿಯುವ ಜಾಗ

ಒಂಬತ್ತು ಇಂಚೋ, ನಾಲ್ಕೂವರೆಯೋ? ಇದಕ್ಕೆ ಉತ್ತರ ನಿಮ್ಮ ಸೈಟಿನೊಳಗಿಲ್ಲ, ರಸ್ತೆಯಾಚೆ ಇದೆ. ಎದುರಿನ ಕಟ್ಟಡ 35 ಅಡಿ ಎತ್ತರ, ನಿಮ್ಮ ಕಿಟಕಿಯಿಂದ 45 ಅಡಿ ದೂರ ಅಂತ ಇಟ್ಟುಕೊಳ್ಳಿ. ನೆಲದಿಂದ 14 ಅಡಿ ಮೇಲಿರುವ ನಿಮ್ಮ ಕಿಟಕಿಯ ಅಡಿಯಿಂದ ನೋಡಿದರೆ 25 ಡಿಗ್ರಿಯ ಕೆಳಗಿನ ಸೂರ್ಯನನ್ನು ಆ ಕಟ್ಟಡವೇ ಮುಚ್ಚುತ್ತದೆ. ಆಗ ನಾಲ್ಕೂವರೆ ಇಂಚಿನ ಜಾಲಿಗೆ ಉಳಿಯುವುದು 33ರಿಂದ 25 ಡಿಗ್ರಿಯ ಸಂದು ಮಾತ್ರ, ಅರ್ಧ ತಾಸಿನ ಬಿಸಿಲು. ಅದಕ್ಕಾಗಿ ದುಪ್ಪಟ್ಟು ಇಟ್ಟಿಗೆ, ದುಪ್ಪಟ್ಟು ಭಾರ ಹೊರುವುದು ದಂಡ. ಎದುರಿಗೆ ಖಾಲಿ ಸೈಟಿದ್ದರೆ ಮಾತೇ ಬೇರೆ.

ಒಂದು ಕಿಟಕಿ, ಒಂದು ದಿನಕ್ಕೆ ಈ ಲೆಕ್ಕ ಕೈಯಲ್ಲೇ ಆಗುತ್ತದೆ. ಆದರೆ 32 ಅಡಿ ಉದ್ದದ ಮುಂಭಾಗದ ಪ್ರತಿ ತುಂಡಿಗೆ, ವರ್ಷದ ಪ್ರತಿ ತಾಸಿಗೆ, ಫೆಬ್ರುವರಿಯ ನೈಋತ್ಯದ ಬಿಸಿಲಿಗೂ ಮೇ ತಿಂಗಳ ವಾಯವ್ಯದ ಬಿಸಿಲಿಗೂ, ಎದುರಿನ ಕಟ್ಟಡ-ಮರಗಳನ್ನು ಸೇರಿಸಿ ಮಾಡುವುದು ಮನುಷ್ಯನ ಕೆಲಸವಲ್ಲ. ಗ್ರಾಸ್‌ಹಾಪರ್‌ಗೆ ಬಿಸಿಲು-ಹವಾಮಾನದ ಲೆಕ್ಕ ಹಾಕುವ ಲೇಡಿಬಗ್ ಜೋಡಿಸಿ ಇದನ್ನೇ ಮಾಡುತ್ತಾರೆ. ಎಲ್ಲಿ ರಂಧ್ರ ಕಿರಿದಾಗಬೇಕು, ಎಲ್ಲಿ ಹಿರಿದಾದರೂ ನಡೆಯುತ್ತದೆ, ಯಾವ ಸಾಲಿನ ಮೇಜಿಗೆ ಬೆಳಕು ಸಾಲದು ಅನ್ನುವುದು ಗೊತ್ತಾಗುತ್ತದೆ. ಇದಕ್ಕೆ ಶುಲ್ಕ ಕೊಡುವುದು ನ್ಯಾಯ.

ಲೆಕ್ಕ ಕೆಡುವುದು ಎರಡು ಕಡೆ. ಹವಾಮಾನದ ಕಡತ ಯಾವ ಊರಿನದ್ದು ಅಂತ ಕೇಳಿ. ಬೆಂಗಳೂರಿನದ್ದಾದರೆ ಏಪ್ರಿಲ್ ಹಗಲು ಎರಡು-ಮೂರು ಡಿಗ್ರಿ ತಂಪಾಗಿ ಕಾಣುತ್ತದೆ, “ಎಸಿ ಬೇಡ” ಅನ್ನುವ ಉತ್ತರ ಸುಲಭವಾಗಿ ಬರುತ್ತದೆ. ಇನ್ನೊಂದು, ಯಂತ್ರಕ್ಕೆ ಕೊಟ್ಟ ಗುರಿ. ಜೀವವಿಕಾಸದ ಮಾದರಿಯಲ್ಲಿ ಸಾವಿರಾರು ಆಕಾರ ಹುಟ್ಟಿಸಿ, ಒಳ್ಳೆಯದನ್ನು ಉಳಿಸಿಕೊಂಡು, ಬೆರೆಸುತ್ತ ಹೋಗುವ ಹುಡುಕಾಟದ ವಿಧಾನವಿದೆ. ಬರೀ “ಬಿಸಿಲು ಕಡಿಮೆ ಮಾಡು” ಅಂದರೆ ಅದು ಪ್ರಾಮಾಣಿಕವಾಗಿ ಎಲ್ಲ ರಂಧ್ರ ಮುಚ್ಚಿದ ಗೋಡೆಯನ್ನೇ ತಂದುಕೊಡುತ್ತದೆ. ಬಿಸಿಲಿನ ಜೊತೆ ಮೇಜಿನ ಮೇಲೆ ಕನಿಷ್ಠ 300 ಲಕ್ಸ್ ಬೆಳಕು, ಗಾಳಿಗೆ ಬೇಕಾದ ತೆರಪು, ಬೇರೆ ಬೇರೆ ಫಲಕಗಳ ಎಣಿಕೆ, ಇಷ್ಟನ್ನೂ ಷರತ್ತಾಗಿ ಕೊಟ್ಟಿದ್ದರೇ ಕೇಳಿ. ಕೊಟ್ಟಿದ್ದರೆ 96 ಬೇರೆ ಬೇರೆ ಫಲಕ ಬರುತ್ತಲೇ ಇರಲಿಲ್ಲ.

ನಿಯಮದಿಂದ ಆಕಾರ ಹುಟ್ಟಿಸುವುದು ನಮ್ಮ ಕಡೆಗೆ ಹೊಸದೂ ಅಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ 12ನೇ ಶತಮಾನದ ದೊಡ್ಡಬಸಪ್ಪ ಗುಡಿ ಇದೆ, ಗರ್ಭಗುಡಿಯ ಹೊರಮೈ 24 ಮೂಲೆಯ ನಕ್ಷತ್ರ. ಒಂದು ಚೌಕ, ನಡುವೆ ಒಂದು ಗೂಟ, 15 ಡಿಗ್ರಿಗೊಮ್ಮೆ ತಿರುಗಿಸು. ಆರು ಚೌಕ ಬರೆಯುವಷ್ಟರಲ್ಲಿ 24 ಮೂಲೆ ಸಿಕ್ಕವು. ನೋಡಲಿಕ್ಕೆ ಎಷ್ಟು ಜಟಿಲವೋ, ಕಲ್ಲುಕುಟಿಗ ನೆನಪಿಡಬೇಕಾದ ನಿಯಮ ಅಷ್ಟೇ ಸಣ್ಣದು. 96 ಫಲಕಕ್ಕೆ 96 ಅಚ್ಚು ಬೇಕಾಗುವ ವಿನ್ಯಾಸದಲ್ಲಿ ಆ ಜಾಣತನ ತಲೆಕೆಳಗಾಗಿದೆ.

ಗೌಂಡಿ ಹೇಳಿದ್ದು

ಗೌಂಡಿಯ ಮಾತನ್ನು ತಳ್ಳಿಹಾಕಬೇಡಿ, ಪೂರ್ತಿ ಒಪ್ಪಲೂ ಬೇಡಿ. ಅವನ ಅಂಜಿಕೆಗೆ ಕಾರಣ ಅಳತೆ. ಕಂಪ್ಯೂಟರಿನ ನಕ್ಷೆ ಮಿಲಿಮೀಟರಿನಲ್ಲಿ, ನಮ್ಮ ಸೆಂಟ್ರಿಂಗ್ ಬಿಚ್ಚಿದ ಮೇಲೆ ಸ್ಲ್ಯಾಬಿನ ಅಂಚು 20–25 ಮಿಲಿಮೀಟರ್ ಆಚೀಚೆ. ನಕ್ಷೆಯ ಪ್ರಕಾರ ಮೊದಲೇ ಎರಕ ಹೊಯ್ದ ಫಲಕಗಳು ಹತ್ತನೆಯದಕ್ಕೇ ಜಗಳ ತೆಗೆಯುತ್ತವೆ. ಸ್ಲ್ಯಾಬು ಬಿಚ್ಚಿದ ಮೇಲೆ ನಿಜದ ಅಳತೆ ಹಿಡಿದು, ಅದನ್ನು ಕಂಪ್ಯೂಟರಿಗೆ ಮರಳಿ ಕೊಟ್ಟು, ಆಮೇಲೆ ಫಲಕ ಮಾಡಿಸಬೇಕು. ಬ್ರಾಕೆಟ್ಟಿನ ಬೋಲ್ಟ್ ರಂಧ್ರಗಳು ಉದ್ದುದ್ದ ಇರಬೇಕು, ಎರಡೂ ಕಡೆ 25 ಮಿಲಿಮೀಟರ್ ಸರಿಸುವಷ್ಟು.

ಇಟ್ಟಿಗೆ ಜಾಲಿಯಾದರೆ ಲೆಕ್ಕದ ಫಲವನ್ನು ಮೂರೇ ಕೋನಕ್ಕೆ ಇಳಿಸಿ: ನೇರ, 20 ಡಿಗ್ರಿ, 40 ಡಿಗ್ರಿ ತಿರುಗಿಸಿದ ಇಟ್ಟಿಗೆ. ಪ್ರತಿ ಕೋನಕ್ಕೆ ಪ್ಲೈವುಡ್ಡಿನ ಒಂದು ಫರ್ಮಾ, ಪ್ರತಿ ವರಸೆಗೆ ಗೋಡೆಗೆ ಅಂಟಿಸಿದ ಒಂದು ಚೀಟಿ, ಅದರಲ್ಲಿ ಎಡದಿಂದ ಬಲಕ್ಕೆ 1, 1, 2, 3, 2 ಅಂತ ಅಂಕಿ. ಈ ಫರ್ಮಾಗಳನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಅಥವಾ ತಾರಿಹಾಳದ ಕೈಗಾರಿಕಾ ವಸಾಹತಿನ ಕಟಿಂಗ್ ಯಂತ್ರದಲ್ಲಿ ಕಡತ ಕೊಟ್ಟು ಕರಾರುವಾಕ್ಕಾಗಿ ಕತ್ತರಿಸಿ ತರಬಹುದು. ಇಷ್ಟು ಕೈಗಿತ್ತರೆ ನಿಮ್ಮ ಗೌಂಡಿ ಎರಡನೇ ದಿನಕ್ಕೆ ಚೀಟಿ ನೋಡುವುದನ್ನೂ ಬಿಡುತ್ತಾನೆ, ಮೇಲಿನಿಂದ ಅಲೆಯಂತೆ ಕಾಣುವ ಗೋಡೆ ಎದ್ದಿರುತ್ತದೆ.

ಯಾವ ಜಾಲರಿಯಾದರೂ ಕಿಟಕಿಯಿಂದ ಎರಡಡಿ ಹೊರಗಿರಲಿ. ಧಾರವಾಡದ ಮಳೆ ಪಶ್ಚಿಮದಿಂದ ಅಡ್ಡಕ್ಕೆ ಹೊಡೆಯುತ್ತದೆ, ಜಾಲರಿ ದಾಟಿದ ಎರಚಲು ಆ ಸಂದಿನಲ್ಲೇ ಬಿದ್ದು ಹರಿದುಹೋಗಬೇಕು. ಅಲ್ಲಿ ನೆಲಕ್ಕೆ ಹೊರವಾಲು, ಎರಡಿಂಚಿನ ನೀರ್ಗೊಳವೆ, ಮನುಷ್ಯ ನಡೆದು ತೊಳೆಯುವಷ್ಟು ಜಾಗ ಬಿಡಿ. ವೊರೊನಾಯ್ ಫಲಕದ ವಕ್ರ ಮೂಲೆಗಳಲ್ಲಿ ಬೇಸಿಗೆಯ ಎರೆಧೂಳು ಕೂತು, ಜುಲೈಗೆ ಅದೇ ಪಾಚಿಯಾಗುತ್ತದೆ. ಸಂದಿನ ಮೇಲ್ಬಾಯಿಗೆ ಬಲೆ ಹಾಕದಿದ್ದರೆ, ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾದ ಹಾಗೆ, ನಿಮ್ಮ ಜಾಲರಿ ಪಾರಿವಾಳಕ್ಕೆ ಮನೆ. ಎರಡಡಿ ಹೊರಚಾಚು ಮಂಜೂರಾದ ನಕ್ಷೆಯಲ್ಲೇ ಇರಬೇಕು, ಆಮೇಲೆ ಸೇರಿಸಿದರೆ ಪಾಲಿಕೆಯಲ್ಲಿ ತಕರಾರು.

ಏನು ಮಾಡಬಹುದು

ನಾನು ನಿಮ್ಮ ಜಾಗದಲ್ಲಿದ್ದರೆ ವಾಸ್ತುಶಿಲ್ಪಿಗಳನ್ನು ಬಿಡುವುದಿಲ್ಲ, ಫಲಕಗಳನ್ನು ಬಿಡುತ್ತೇನೆ. ಅಲಂಕಾರಕ್ಕೆ ಹೋಗುತ್ತಿದ್ದ ದುಡ್ಡು ಮಾಳಿಗೆಗೆ, ಕೊಳವೆಯ ಫ್ಯಾನು-ಶಟರಿಗೆ, ಕೂಲರಿಗೆ. ಮುಂಭಾಗಕ್ಕೆ ಲೆಕ್ಕ ಹಾಕಿದ ಇಟ್ಟಿಗೆ ಜಾಲಿ. ಇದರ ಅಪಾಯ ಎರಡು: ಅಂಚಿನ ಭಾರ, ಮತ್ತು ರಸ್ತೆಯ ಸದ್ದು. ಜಾಲಿಯ ಹಿಂದಿನ ಕಿಟಕಿಗಳಿಗೆ ಬಿಗಿಯಾಗಿ ಮುಚ್ಚುವ ಗಾಜು ಇರಲೇಬೇಕು.

ಮುಂಭಾಗ ಬೇರೆಯೇ ಕಾಣಬೇಕು, ಅದರಿಂದಲೇ ಹುಡುಗರು ಬರುತ್ತಾರೆ ಅನ್ನುವುದಾದರೆ ಅದೂ ವ್ಯಾಪಾರದ ಮಾತೇ, ತಪ್ಪಲ್ಲ. ಆಗ ಜಿಆರ್‌ಸಿ ಇಟ್ಟುಕೊಳ್ಳಿ, ಆದರೆ ಆರು ಅಚ್ಚಿಗೆ ಮಿತಿ ಹಾಕಿ. ಆರು ಬಗೆಯ ಫಲಕಗಳನ್ನು ತಿರುಗಿಸಿ ಕೂರಿಸಿದರೆ ರಸ್ತೆಯಿಂದ ನೋಡುವವನಿಗೆ ಪುನರಾವರ್ತನೆ ಗೊತ್ತಾಗುವುದಿಲ್ಲ. ರಂಧ್ರ 75 ಮಿಲಿಮೀಟರಿಗಿಂತ ಎತ್ತರ ಬೇಡ, ಆಳ 120. ಭಾರ ಹೆಚ್ಚುತ್ತದೆ, ಒಡೆದ ಫಲಕಕ್ಕೆ ಬದಲಿ ಸಿಗಲು ಅಚ್ಚುಗಳನ್ನು ನೀವೇ ಕೊಂಡು ಇಟ್ಟುಕೊಳ್ಳಬೇಕು.

ನಾಲ್ಕು ಗೋಡೆ ಮತ್ತು ಎಸಿಯ ದಾರಿ ಅತಿ ಸುಲಭದ್ದು. ಆದರೆ 60 ಮಂದಿಗೆ ಬರೀ ಸ್ಪ್ಲಿಟ್ ಎಸಿ ಹಾಕಿ ಕಿಟಕಿ ಮುಚ್ಚಿದರೆ ಹೊಸ ಗಾಳಿ ಬರುವುದೇ ಇಲ್ಲ. ಮಧ್ಯಾಹ್ನ ಹುಡುಗರು ತೂಕಡಿಸುವುದು ಊಟದಿಂದಷ್ಟೇ ಅಲ್ಲ. ಆ ದಾರಿ ಹಿಡಿದರೂ ಬಿಳಿ ಮಾಳಿಗೆ, ಪಶ್ಚಿಮದ ನೆರಳು, ಹೊಸ ಗಾಳಿಯ ಫ್ಯಾನ್ ತಪ್ಪುವುದಿಲ್ಲ.

ಯಾವುದಕ್ಕೂ ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಿಸಿ. ನಾಲ್ಕಡಿ ಚೌಕದ ಜಾಲರಿಯ ತುಂಡೊಂದನ್ನು ಸೈಟಿನಲ್ಲೇ, ಪಶ್ಚಿಮಕ್ಕೆ ಮುಖಮಾಡಿ, ಎದುರಿನ ಕಟ್ಟಡದ ನೆರಳು ಸರಿಯಾಗಿ ಬೀಳುವ ಎತ್ತರದ ಅಟ್ಟಣಿಗೆಯ ಮೇಲೆ ನಿಲ್ಲಿಸಿ. ಹಿಂದೆ ಒಂದು ಕುರ್ಚಿ, ಮೇಜು, ತೆರೆದ ಪುಸ್ತಕ. ಮೂರರಿಂದ ಐದೂವರೆಯ ತನಕ ಹತ್ತು ನಿಮಿಷಕ್ಕೊಂದು ಫೋಟೊ ತೆಗೆದು, ವಾಸ್ತುಶಿಲ್ಪಿಗಳು ಅದೇ ದಿನಾಂಕಕ್ಕೆ ಕಂಪ್ಯೂಟರಿನಲ್ಲಿ ತೋರಿಸುವ ನೆರಳಿನ ಪಕ್ಕ ಇಟ್ಟು ನೋಡಿ. ಎರಡೂ ಹೊಂದಿದರೆ ಅವರ ಉಳಿದ ಲೆಕ್ಕವನ್ನೂ ನಂಬಬಹುದು. ಕೊಳವೆ ಕಟ್ಟಿದ ಮೇಲೆ, ಪ್ಲಾಸ್ಟರಿಗೆ ಮುಂಚೆ, ಅದರ ಕೆಳಬಾಯಿಯಲ್ಲಿ ಮಧ್ಯಾಹ್ನ ಮೂರಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ ಊದುಬತ್ತಿ ಹಚ್ಚಿ ಹಿಡಿಯಿರಿ. ಹೊಗೆ ಯಾವ ಕಡೆ ಹೋಗುತ್ತದೆ ಅನ್ನುವುದನ್ನು ನೋಡಿಯೇ ಶಟರಿನ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ.